ಮಾವನವರ ಜೊತೆ ಚರ್ಮದ ಡಾಕ್ಟರ ಬಳಿ

ನನ್ನನ್ನು ನೋಡಲು ಶಿರಹಟ್ಟಿಯಿಂದ ಬಂದವರಿಗೆ ನಮ್ಮಪ್ಪ ಎಲ್ಲಕ್ಕಿಂತ ಮೊದಲು ತೋರಿಸಿದ್ದು ನನ್ನ ಮೊಣಕೈಯ ಒಳಮಗ್ಗುಲನ್ನು. ಅವರು ಕಾಲು ತೊಳೆದುಕೊಂಡು ಬಂದು ಆಗಷ್ಟೇ ಕುಳಿತಿದ್ದರು. ಉಪ್ಪಿಟ್ಟು ಇನ್ನೂ ಒಳಗೇ ಇತ್ತು. ಅಪ್ಪ ನನ್ನನ್ನು ಕರೆದು ಕೈ ಚಾಚಲು ಹೇಳಿದರು.

"ನೋಡ್ರಿ, ಇದು ಇಸಬು. ಕೂಸಿದ್ದಾಗಿಂದ ಐತಿ. ಕೈ, ಕುತ್ತಿಗಿ, ಮೊಣಕಾಲ ಹಿಂದ. ಚಳಿಗಾಲದಾಗ ಹೆಚ್ಚಾಗತೈತಿ, ಮಳಿಗಾಲದಾಗ ಕಡಿಮಿ ಆಗತೈತಿ, ಪೂರಾ ಹೋಗಂಗಿಲ್ಲ."

ಅಪ್ಪನದು ಮುಂಡರಗಿಯಲ್ಲಿ ಬಟ್ಟೆ ಅಂಗಡಿ. ಥಾನಿನಲ್ಲಿ ಎಲ್ಲಾದರೂ ಎಳೆ ಬಿಟ್ಟಿದ್ದರೆ ಗಿರಾಕಿ ಕೇಳುವ ಮೊದಲೇ ಬಿಡಿಸಿ ತೋರಿಸುವುದು ಅವರ ಪದ್ಧತಿ. ಅದರಿಂದ ವ್ಯಾಪಾರ ಹೆಚ್ಚಾಗಿದ್ದನ್ನು ನಾನು ನೋಡಿಲ್ಲ, ಜಗಳ ಆಗಿದ್ದನ್ನೂ ನೋಡಿಲ್ಲ. ಇದಕ್ಕೆ ಮೊದಲು ಬಂದಿದ್ದ ಕಡೆಯವರೆಲ್ಲ ಮೊಣಕೈ ನೋಡಿ, ಉಪ್ಪಿಟ್ಟು ತಿಂದು, "ತಿಳಿಸ್ತೀವ್ರಿ" ಎಂದು ಹೋಗಿದ್ದರು. ಯಾರೂ ತಿಳಿಸಿರಲಿಲ್ಲ. ಬೇಸತ್ತ ಅವ್ವ ಈ ಸಲ ನನಗೆ ಮುಂಗೈವರೆಗೂ ತೋಳಿರುವ ಜಂಪರು ಹೊಲಿಸಿದ್ದಳು. ಅಪ್ಪ ಆ ತೋಳನ್ನೇ ಮಡಚಿ ಮಡಚಿ ಮೇಲೇರಿಸಿದರು.

ಮುಂದೆ ನನಗೆ ಅತ್ತೆಯಾದವರು ಚಷ್ಮಾ ಹಾಕಿಕೊಂಡು ನೋಡಿದರು.

"ಇದು ಹತ್ತತೈತೇನ್ರಿ, ಒಬ್ಬರಿಂದ ಒಬ್ಬರಿಗೆ?"

"ಇಲ್ಲರಿ. ಮನ್ಯಾಗ ಇಷ್ಟ ವರ್ಷ ನಮಗ್ಯಾರಿಗೂ ಹತ್ತಿಲ್ಲ," ಎಂದರು ಅಪ್ಪ.

"ಹಂಗಾರ ಆತು ಬಿಡ್ರಿ," ಎಂದರು ಅತ್ತೆ. "ನಾವೂ ಹೇಳಿಬಿಡ್ತೀವಿ. ನನಗ ಬಿಪಿ ಐತಿ. ಇವರಿಗೆ ಮೊಣಕಾಲ ನೋವು. ಹುಡುಗಗ ಏನೂ ಇಲ್ಲ. ಬಿಸಿಲಾಗ ತಿರಿಗಿದ್ರ ತುಟಿಗೆ ಗುಳ್ಳಿ ಏಳ್ತಾವ, ಅಷ್ಟ. ಉಷ್ಣದ ಮೈ."

ಎರಡೂ ಕಡೆಯವರು ತಮ್ಮ ತಮ್ಮ ಕಡೆಯದನ್ನು ಹೀಗೆ ನೇರವಾಗಿ ಹೇಳಿಕೊಂಡರು. ಇಸಬು ಮತ್ತು ತುಟಿಯ ಗುಳ್ಳೆ ಒಂದೇ ಕೋಣೆಗೆ ಬಂದರೆ ಏನಾದೀತು ಎಂಬ ಪ್ರಶ್ನೆ ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಹೊಳೆಯುವಂಥ ಪ್ರಶ್ನೆಯೂ ಅದಲ್ಲ. ನಂತರ ಉಪ್ಪಿಟ್ಟು ಬಂತು.

ಮದುವೆಯಾಗಿ ಶಿರಹಟ್ಟಿಗೆ ಬಂದೆ. ಮುಂದೆ ಭಾಂಡೆ ಅಂಗಡಿ, ಹಿಂದೆ ಮನೆ. ಸ್ಟೀಲಿನ ಕೊಡ, ತಾಟು, ಡಬ್ಬಿಗಳ ನಡುವೆ ಕುಳಿತು ನನ್ನ ಗಂಡ ಸಣ್ಣ ಮಷೀನಿನಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಿದ್ದರು. ಇಂಥವರ ಮದುವೆಗೆ ಇಂಥವರ ಪ್ರೀತಿಯ ಕಾಣಿಕೆ ಎಂದು ಇಡೀ ತಾಲೂಕಿನ ಕೊಡಗಳ ಮೇಲೆ ಅವರ ಅಕ್ಷರವಿದೆ. ಮಾತು ಕಡಿಮೆ. ಆದರೆ ಮಾವನವರ ಪಕ್ಕದಲ್ಲಿ ಕೂತಾಗ ಅವರೇ ವಾಚಾಳಿ ಎನ್ನಿಸುತ್ತಿತ್ತು.

ಮಾವನವರು ಸೊಸೆಯ ಜೊತೆ ಮಾತಾಡುತ್ತಿರಲಿಲ್ಲ. ಸಿಟ್ಟೇನಿಲ್ಲ, ಅವರ ಕಾಲದ ರೂಢಿ ಅದು. ಚಹಾ ಬೇಕಿದ್ದರೆ ಅಡುಗೆಮನೆಯ ಬಾಗಿಲಿಗೆ ಬಂದು, ಒಳಗೆ ನಾನೊಬ್ಬಳೇ ಇದ್ದರೂ, "ಚಾ ಮಾಡಾಕ ಹೇಳು" ಎನ್ನುತ್ತಿದ್ದರು. ಯಾರಿಗೆ ಹೇಳಿದರು, ಯಾರು ಹೇಳಬೇಕು ಎಂಬುದು ಸ್ಪಷ್ಟವಿರುತ್ತಿರಲಿಲ್ಲ. ನಾನು ಚಹಾ ಮಾಡಿ ಕಟ್ಟೆಯ ಮೇಲಿಡುತ್ತಿದ್ದೆ. ಅವರು ಬಂದು ಒಯ್ಯುತ್ತಿದ್ದರು. ಇದು ಚೆನ್ನಾಗಿಯೇ ನಡೆದಿತ್ತು.

ನನ್ನ ಚರ್ಮಕ್ಕೆ ಹೊಸ ಮನೆ ಒಗ್ಗಲು ಸ್ವಲ್ಪ ಕಾಲ ಹಿಡಿಯಿತು. ಭಾಂಡೆ ಅಂಗಡಿಯವರ ಮನೆಯಲ್ಲಿ ತೊಳೆಯುವ ಭಾಂಡೆಗಳೂ ಹೆಚ್ಚು. ಸೋಪಿನ ನೀರಿಗೆ ಬೆರಳ ಸಂದಿ ಬಿರಿದವು. ಅದನ್ನು ನೋಡಿದ ಅತ್ತೆ ಮರುದಿನದಿಂದ ಭಾಂಡೆ ತಾವು ತೊಳೆದು, ರೊಟ್ಟಿ ಬಡಿಯುವುದನ್ನು ನನಗೆ ಬಿಟ್ಟರು. "ಹಿಟ್ಟೇನು ಮಾಡಂಗಿಲ್ಲ ಕೈಗೆ," ಎಂದರು. ಜೋಳದ ಹಿಟ್ಟು ನಿಜಕ್ಕೂ ಏನೂ ಮಾಡಲಿಲ್ಲ.

ಬೇಸಿಗೆ ಶುರುವಾದಾಗ ಗಂಡ ಒಂದು ದಿನ ಬೈಕಿನ ಮೇಲೆ ಲಕ್ಷ್ಮೇಶ್ವರದ ಸಂತೆಗೆ ಹೋಗಿ ಬಂದರು. ಮರುದಿನ ಕೆಳತುಟಿಯ ಮೂಲೆಯಲ್ಲಿ ನಾಲ್ಕೈದು ನೀರ್ಗುಳ್ಳೆಗಳು ಎದ್ದವು. ಅತ್ತೆ ತುಪ್ಪ ಹಚ್ಚಿಕೋ ಎಂದರು. ಎದುರುಮನೆಯವಳು, ಮಲಗಿದಾಗ ತುಟಿಯ ಮೇಲೆ ಹಲ್ಲಿ ಓಡಾಡಿರಬೇಕು ಎಂದಳು. ಗಂಡ ಎರಡನ್ನೂ ಕೇಳಿ ತುಪ್ಪ ಹಚ್ಚಿಕೊಂಡರು.

ನಮ್ಮ ಮದುವೆಯಾಗಿ ಆಗ ಹೆಚ್ಚು ದಿನವಾಗಿರಲಿಲ್ಲ. ಇದರ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ: ಆ ಗುಳ್ಳೆಗಳ ಸಲುವಾಗಿ ನಾವು ಯಾವುದನ್ನೂ ನಿಲ್ಲಿಸಲಿಲ್ಲ.

ಅವರ ತುಟಿ ಒಣಗಿ ಹೊಪ್ಪಳೆ ಉದುರುವ ಹೊತ್ತಿಗೆ ನನಗೆ ಜ್ವರ ಬಂತು. ಮೊದಲು ಮೈಕೈ ನೋವು, ಕಿವಿಯ ಕೆಳಗೆ ಗಂಟು ಕಟ್ಟಿದಂತೆ. ಆಮೇಲೆ ಕುತ್ತಿಗೆಯಲ್ಲಿ, ಇಸಬು ಇದ್ದ ಜಾಗದಲ್ಲೇ, ಸಾಬೂದಾನಿ ಕಾಳಿನಂಥ ಗುಳ್ಳೆಗಳು ಎದ್ದವು. ಎಲ್ಲವೂ ಒಂದೇ ಅಳತೆಯವು, ಮಷೀನಿನಲ್ಲಿ ಮಾಡಿದಂತೆ. ಮರುದಿನ ಗದ್ದಕ್ಕೆ, ಕೆನ್ನೆಗೆ, ಮೊಣಕೈಗೆ ಬಂದವು. ಒಡೆದ ಕಡೆಯೆಲ್ಲ ಮೊಳೆ ಹೊಡೆದು ಕಿತ್ತಂತೆ ದುಂಡನೆಯ ಹುಣ್ಣು ಉಳಿಯುತ್ತಿತ್ತು.

ನನಗೆ ವಿಚಿತ್ರ ಅನ್ನಿಸಿದ್ದು ಬೇರೆ. ಹುಟ್ಟಿದಾಗಿನಿಂದ ನನ್ನ ಚರ್ಮ ನನಗೆ ಕೊಟ್ಟಿದ್ದು ತುರಿಕೆ. ಪರೀಕ್ಷೆಯ ಹಾಲಿನಲ್ಲಿ, ಮದುವೆ ಮಂಟಪದಲ್ಲಿ, ಬಸ್ಸಿನಲ್ಲಿ, ಎಲ್ಲೆಂದರಲ್ಲಿ ತುರಿಕೆ. ಈಗ ತುರಿಸುತ್ತಿರಲಿಲ್ಲ. ಉರಿಯುತ್ತಿತ್ತು, ನೋಯುತ್ತಿತ್ತು. ಕೈ ಉಗುರು ತಾವಾಗಿಯೇ ಕುತ್ತಿಗೆಯ ಕಡೆ ಹೋಗಿ, ಕೆಲಸವಿಲ್ಲದೆ ಹಿಂದೆ ಬರುತ್ತಿದ್ದವು.

ಅತ್ತೆ ಹಾಸಿಗೆಯ ಪಕ್ಕ ನಿಂತು ನೋಡಿದರು. ನೋಡಿ ಕೈಮುಗಿದರು.

"ತಾಯಿ ಬಂದಾಳ," ಎಂದರು.

ಮೈಮೇಲೆ ಗುಳ್ಳೆ ಎದ್ದು ಜ್ವರ ಬಂದರೆ ನಮ್ಮ ಕಡೆ ಅದನ್ನು ರೋಗ ಎನ್ನುವುದಿಲ್ಲ. ದೇವಿಯೇ ಮನೆಗೆ ಬಂದಂತೆ. ಬಂದವಳಿಗೆ ತಕ್ಕ ಮರ್ಯಾದೆ ಆಗಬೇಕು. ಬಾಗಿಲಿಗೆ ಬೇವಿನ ತೊಪ್ಪಲು ಬಂತು, ನನ್ನ ತಲೆದಿಂಬಿನ ಕೆಳಗೂ ಬಂತು. ಒಗ್ಗರಣೆ ನಿಂತಿತು, ಏಕೆಂದರೆ ಸಾಸಿವೆ ಸಿಡಿಯುವ ಸಪ್ಪಳ ತಾಯಿಗೆ ಆಗುವುದಿಲ್ಲ. ಗಂಡನ ಹಾಸಿಗೆ ಅಂಗಡಿಗೆ ಹೋಯಿತು. ಓಣಿಯ ಹೆಂಗಸರು ಹೊಸ್ತಿಲ ಹೊರಗೆ ನಿಂತು ನಮಸ್ಕಾರ ಮಾಡಿ ಹೋಗುತ್ತಿದ್ದರು. ಮೊನ್ನೆ ಮೊನ್ನೆ ನನ್ನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳಿದ್ದವರೂ ಅವರಲ್ಲಿದ್ದರು.

"ಅತ್ತಿಯಾರ, ನನಗ ಸಣ್ಣಾಕಿದ್ದಾಗ ತಾಯಿ ಬಂದು ಹೋಗ್ಯಾಳ್ರಿ," ಎಂದೆ. "ಆವಾಗ ಮೈ ತುರಸತಿತ್ತು. ಇದು ತುರಸವಲ್ದು. ನೋಯಾಕ ಹತ್ತೇತಿ."

"ಒಬ್ಬೊಬ್ಬರಿಗೆ ಒಂದೊಂದ ನಮೂನಿ ಬರ್ತಾಳವಾ," ಎಂದರು ಅತ್ತೆ. ಅವರು ನನ್ನನ್ನು ಪ್ರೀತಿಯಿಂದಲೇ ನೋಡಿಕೊಳ್ಳುತ್ತಿದ್ದರು. ಮಜ್ಜಿಗೆ, ಎಳನೀರು, ತಣ್ಣನೆಯ ಗಂಜಿ. ಬೇವಿನ ತೊಪ್ಪಲಿನಿಂದ ಮೆಲ್ಲಗೆ ಗಾಳಿ ಹಾಕುತ್ತಿದ್ದರು. ಒಮ್ಮೆ ಎಲೆ ಹುಣ್ಣಿಗೆ ತಾಗಿ ನಾನು ಚೀರಿದಾಗ ಅವರ ಕಣ್ಣಲ್ಲಿ ನೀರು ಬಂತು.

ಗಂಡ ಒತ್ತಾಯ ಮಾಡಿ ಊರಿನ ಒಬ್ಬ ಡಾಕ್ಟರನ್ನು ಮನೆಗೆ ಕರೆತಂದರು. ಅವರು ಬಾಗಿಲ ಬೇವು ನೋಡಿ ಚಪ್ಪಲಿ ತುಸು ದೂರವೇ ಬಿಟ್ಟು ಬಂದು, ಇಸಬಿಗೆ ಕೀವು ಕೂತಿದೆ ಎಂದು ಇಂಜೆಕ್ಷನ್ ಕೊಟ್ಟು, ಗುಳಿಗೆ ಬರೆದು ಹೋದರು. ಗುಳಿಗೆ ನುಂಗಿದೆ. ಗುಳ್ಳೆಗಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಎದ್ದಾಗ ನನ್ನ ಬಲಗಣ್ಣು ತೆರೆಯಲಿಲ್ಲ. ರೆಪ್ಪೆ ಊದಿಕೊಂಡು, ಅದರ ಅಂಚಿನಲ್ಲಿ ಹೊಸ ಗುಳ್ಳೆಗಳು ಸಾಲಾಗಿ ಕೂತಿದ್ದವು. ಆವತ್ತು ಗಂಡ ಮಾಲು ತರಲು ನಸುಕಿನ ಬಸ್ಸಿಗೇ ಹುಬ್ಬಳ್ಳಿಗೆ ಹೋಗಿದ್ದರು. ಫೋನು ಮಾಡಿದರೆ ಹತ್ತಲಿಲ್ಲ. ನಾನು ಗೋಡೆ ಹಿಡಿದುಕೊಂಡು ಪಡಸಾಲೆಗೆ ಬಂದು ಕೂತೆ. ಮಾವನವರು ಊಟಕ್ಕೆ ಕೂತಿದ್ದರು. ಒಗ್ಗರಣೆಯಿಲ್ಲದ ಬೇಳೆಯನ್ನು ಅಷ್ಟು ದಿನವೂ ಒಂದು ಮಾತಿಲ್ಲದೆ ಉಂಡ ಮನುಷ್ಯ. ತಲೆಯೆತ್ತಿ ನನ್ನ ಮುಖ ನೋಡಿದರು. ಕೈ ತೊಳೆದುಕೊಂಡರು.

"ಗದಗಕ್ಕ ಹೋಗೂಣು, ನಡಿ," ಎಂದರು.

ಮದುವೆಯಾದ ಮೇಲೆ ಅವರು ನನಗೆ ನೇರವಾಗಿ ಹೇಳಿದ ಮೊದಲ ಮಾತು ಅದು.

ಅತ್ತೆ ಅಡ್ಡ ಬಂದರು. "ತಾಯಿ ಮೈಮ್ಯಾಲಿದ್ದಾಗ ಸೀಮಿ ದಾಟಬಾರದ್ರಿ. ಆಕೀನೂ ಕರಕೊಂಡ ಹೋದಂಗ ಆಗತೈತಿ."

"ಬಂದ್ರ ಬರ್ಲಿ," ಎಂದರು ಮಾವನವರು. "ಬಸ್ನ್ಯಾಗ ಜಾಗಾ ಇರತೈತಿ."

ಜಾಗ ಇರಲಿಲ್ಲ. ಅತ್ತೆ ಕೊನೆಗೆ ಒಪ್ಪಿಕೊಂಡು, ರಕ್ಷಣೆಗೆಂದು ನನ್ನ ತುರುಬಿನಲ್ಲಿ ಒಂದು ಬೇವಿನ ಎಸಳು ಸಿಕ್ಕಿಸಿ ಕಳಿಸಿದ್ದರು. ಬಸ್ಸು ಬಾಗಿಲವರೆಗೆ ತುಂಬಿತ್ತು. ನಾನು ಹತ್ತಿದೆ. ಮುಂದಿನ ಸೀಟಿನಲ್ಲಿದ್ದ ಮುದುಕಿ ಮೊದಲು ಬೇವು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಎದ್ದು ನಿಂತು ಕೈಮುಗಿದಳು. ಅವಳ ಪಕ್ಕದಲ್ಲಿದ್ದವರೂ ಎದ್ದರು. ಮೂವರು ಕೂರುವ ಸೀಟು ನಮ್ಮಿಬ್ಬರಿಗೇ ಸಿಕ್ಕಿತು. ಮಾವನವರು ಈ ಕಡೆ ತುದಿಗೆ, ನಾನು ಕಿಟಕಿಯ ಕಡೆಗೆ, ನಡುವಿನ ಜಾಗ ಖಾಲಿ. ಅದರಲ್ಲಿ ಯಾರೂ ಕೂರಲಿಲ್ಲ. ಕಂಡಕ್ಟರು ಕೂಡ ತಿಕೀಟನ್ನು ದೂರದಿಂದಲೇ ಕೈ ಚಾಚಿ ಕೊಟ್ಟರು. ಮೊಣಕಾಲ ನೋವಿನ ಮಾವನವರು ಗದಗದವರೆಗೆ ಕಾಲು ಚಾಚಿಕೊಂಡು ಹೋದರು.

ಗದಗಿನಲ್ಲಿ ಚರ್ಮದ ಡಾಕ್ಟರು ನನ್ನ ವಾರಿಗೆಯ ಹೆಣ್ಣುಮಗಳು. ಮಾವನವರು ಹೊರಗೆ ಕೂರುತ್ತೇನೆ ಎಂದರು. ಆದರೆ ನನಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ಜ್ವರಕ್ಕೆ ಕಾಲು ನಡುಗುತ್ತಿದ್ದವು. ಡಾಕ್ಟರೇ, "ಯಜಮಾನ್ರ, ನೀವೂ ಬರ್ರಿ, ಇವರಿಗೆ ಆಸರಿ ಬೇಕು" ಎಂದು ಒಳಗೆ ಕರೆದರು. ಹೀಗಾಗಿ ಅವರು ಒಳಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ, ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು ಕೂತರು.

ಡಾಕ್ಟರು ಬ್ಯಾಟರಿ ಹಾಕಿ, ಭೂತಗನ್ನಡಿ ಹಿಡಿದು ಕುತ್ತಿಗೆಯಿಂದ ಹಣೆಯವರೆಗೆ ನೋಡಿದರು.

"ತುರಸತೈತೋ, ನೋಯತೈತೋ?"

"ನೋಯತೈತ್ರಿ."

"ಇಸಬು ಮೊದಲಿಂದ ಐತೇನು?"

"ಹುಟ್ಟಿದಾಗಿಂದ್ರಿ."

"ಮನ್ಯಾಗ ಯಾರಿಗರೆ ಇತ್ತಿತ್ತಲಾಗ ತುಟಿ ಮ್ಯಾಲೆ ಗುಳ್ಳಿ ಎದ್ದಿದ್ವೇನು?"

ನಾನು ಫ್ಯಾನಿನ ಕಡೆ ನೋಡಿದೆ. ಒಂದೇ ಕಣ್ಣಿನಿಂದ ನೋಡಿದೆ. ಏನು ಹೇಳಬೇಕೆಂದು ಯೋಚಿಸುತ್ತಿರುವಾಗಲೇ ಮಾವನವರು ಉತ್ತರ ಕೊಟ್ಟರು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಹೇಳುವ ಜಾತಿಯ ಮನುಷ್ಯ ಅವರು.

"ನನ್ನ ಮಗಗ ಎದ್ದಿದ್ವು."

"ನಿಮ್ಮ ಮಗ ಅಂದ್ರ, ಇವರಿಗೆ?"

"ಇಕಿ ಗಂಡ."

"ಹಾಂ," ಎಂದರು ಡಾಕ್ಟರು, ಕಳೆದ ಬೀಗದ ಕೈ ಸಿಕ್ಕವರಂತೆ. "ಹಂಗಾರ ಅಲ್ಲಿಂದನ ಬಂದೈತಿ."

"ಎಲ್ಲಿಂದ?"

"ಅವರ ತುಟಿಯಿಂದ."

ಮಾವನವರು ಇದನ್ನು ಸ್ವಲ್ಪ ಹೊತ್ತು ಯೋಚಿಸಿದರು. ಅಂಗಡಿಯಲ್ಲಿ ಮಾಲಿನ ತೂಕ ತಾಳೆಯಾಗದಿದ್ದಾಗ ಹೀಗೆಯೇ ಯೋಚಿಸುತ್ತಿದ್ದರು.

"ಇಕೀಗೆ ಕುತ್ತಿಗಿ ಮ್ಯಾಲೆ ಐತಲ್ರಿ," ಎಂದರು.

ಹೇಳಿ ಮುಗಿದ ಮೇಲೆ ತಾವು ಹೇಳಿದ್ದು ಅವರ ಕಿವಿಗೇ ಬಿದ್ದಿರಬೇಕು. ಎದುರಿನ ಗೋಡೆಯ ಮೇಲೆ ಸಕ್ಕರೆ ಕಾಯಿಲೆಯವರು ಪಾದಗಳನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬ ಚಿತ್ರಪಟ ಇತ್ತು. ಮಾವನವರು ಅದರ ಕಡೆ ತಿರುಗಿ, ಮೇಲಿನಿಂದ ಕೆಳಗಿನವರೆಗೆ ಅದನ್ನು ಓದಿದರು. ಅವರಿಗೆ ಸಕ್ಕರೆ ಕಾಯಿಲೆ ಇಲ್ಲ.

ಡಾಕ್ಟರು ನನಗೆ ತಿಳಿಸಿ ಹೇಳಿದರು. ಈ ವೈರಸ್ಸು ಬಹಳ ಮಂದಿಯ ಮೈಯಲ್ಲಿರುತ್ತದೆ. ಬಿಸಿಲಿಗೋ ಜ್ವರಕ್ಕೋ ಎದ್ದು, ತುಟಿಯ ಮೇಲೆ ಸ್ವಲ್ಪ ದಿನ ಕೂತು, ತಾನೇ ಅಡಗುತ್ತದೆ. "ನಿಮ್ಮ ಚರ್ಮ ಬಿರಕ ಬಿಟ್ಟ ಗ್ವಾಡಿ ಇದ್ದಂಗರಿ. ಒಂದ ಕಡೆ ಒಳಗ ಹೊಕ್ತಂದ್ರ ಎಲ್ಲಾ ಕಡೆ ಹರಡತೈತಿ. ನೋಡಾಕ ಸಿಡುಬಿನಂಗ ಕಾಣತೈತಿ, ಕೀವು ಕೂತಂಗೂ ಕಾಣತೈತಿ. ಎಕ್ಝಿಮಾ ಹರ್ಪೆಟಿಕಮ್ ಅಂತಾರ. ಇದಕ್ಕ ಔಷಧ ಬ್ಯಾರೆ. ಹಂಗ ಬಿಟ್ರ ಕಣ್ಣಿಗೆ ಇಳೀತೈತಿ, ಜೀವಕ್ಕೂ ಅಪಾಯ. ಇವತ್ತ ಬಂದಿದ್ದು ಛಲೋ ಆತು."

"ತಾಯಿ ಅಲ್ಲೇನ್ರಿ?" ಎಂದು ಮಾವನವರು ಚಿತ್ರಪಟದ ಕಡೆಗೆ ಮುಖ ಮಾಡಿಕೊಂಡೇ ಕೇಳಿದರು.

"ಅಲ್ಲರಿ."

ಅಲ್ಲಿಂದ ಕಣ್ಣಿನ ಡಾಕ್ಟರ ಬಳಿ ಹೋದೆವು. ಅವರು ರೆಪ್ಪೆ ಬಿಡಿಸಿ, ಹಳದಿ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡಿ, ಕಣ್ಣುಗುಡ್ಡೆಗೆ ಇನ್ನೂ ಮುಟ್ಟಿಲ್ಲ ಎಂದರು. ಮಾವನವರು ಆಗ ಮೊದಲ ಸಲ ಕುರ್ಚಿಗೆ ಬೆನ್ನು ಆನಿಸಿದ್ದನ್ನು ನಾನು ಎಡಗಣ್ಣಿನಿಂದ ನೋಡಿದೆ. ನನ್ನನ್ನು ದವಾಖಾನೆಯಲ್ಲಿ ಇಟ್ಟುಕೊಂಡರು. ಔಷಧವನ್ನು ಸಲೈನಿನಲ್ಲಿ ಹಾಕಿ ಹನಿಹನಿಯಾಗಿ ಬಿಟ್ಟರು.

ಮಾವನವರು ಹೊರಗೆ ಹೋಗಿ ಎಳನೀರು ತಂದರು. ಹಾಸಿಗೆಯ ಪಕ್ಕ ಇಟ್ಟು, "ಕುಡಿಯಾಕ ಹೇಳ್ರಿ," ಎಂದರು. ನರ್ಸು ಸುತ್ತ ನೋಡಿದಳು. "ಯಾರಿಗೆ ಹೇಳಲಿ?" ಎಂದಳು. ನಾನು ತೆಗೆದುಕೊಂಡು ಕುಡಿದೆ.

ಸಂಜೆಗೆ ಗಂಡ ಹುಬ್ಬಳ್ಳಿಯಿಂದ ನೇರ ಗದಗಕ್ಕೆ ಬಂದರು. ತಂದೆ ಮಗನನ್ನು ನೋಡಿ ಎದ್ದು, "ಬಂದ್ಯಾ," ಎಂದವರೇ ಬಸ್ ಸ್ಟ್ಯಾಂಡಿಗೆ ಹೊರಟುಹೋದರು. ಗಂಡನಿಗೆ ಗಾಬರಿಯಾಯಿತು.

"ಏನಂದ್ರು ಡಾಕ್ಟರು? ಅಪ್ಪ ಯಾಕ ಹಂಗ ಹೋದಾ?"

ನಾನು ಹೇಳಿದೆ. ತುಟಿಯಿಂದ ಎಂದೆ. ಅವರು ತಮ್ಮ ಕೆಳತುಟಿಯನ್ನು ಮುಟ್ಟಿಕೊಂಡರು. ಅಲ್ಲಿ ಈಗ ಸಣ್ಣ ಕಲೆ ಮಾತ್ರ ಇತ್ತು.

"ನನ್ನಿಂದನ?"

"ಹೌದಂತ."

"ಅಪ್ಪಗ ಗೊತ್ತಾತು?"

"ಅವರ ಎದುರಿಗೇ ಹೇಳಿದ್ರು. ಯಾರಿಗೆ ಗುಳ್ಳಿ ಎದ್ದಿದ್ವು ಅಂತ ಹೇಳಿದವರೂ ಅವರ."

ಗಂಡ ಸಲೈನಿನ ಹನಿಗಳನ್ನು ನೋಡಿದರು. ಆಮೇಲೆ, "ನಿನಗ ಬಾಳ ನೋವಾತಲ್ಲ," ಎಂದರು. ಹೌದು ಎಂದೆ. ಅವರ ಕಣ್ಣು ತುಂಬಿದ್ದವು. ಗೊತ್ತಿಲ್ಲದೆ ಆದದ್ದಕ್ಕೆ ಯಾರನ್ನು ಬಯ್ಯುವುದು? ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಿತ್ತೇನೋ ಎಂದು ಆಗಾಗ ನೋಡಿಕೊಂಡೆ, ಬರಲಿಲ್ಲ. ನನ್ನ ಕಾಲ ಕಡೆ ಹಾಸಿಗೆಯ ಅಂಚಿನಲ್ಲಿ, ಆದಷ್ಟು ದೂರದಲ್ಲಿ ಕೂತಿದ್ದರು. ತುಟಿ ವಾಸಿಯಾಗಿದೆಯಲ್ಲ, ಹತ್ತಿರ ಬರ್ರಿ ಎಂದೆ. "ಬ್ಯಾಡ, ಡಾಕ್ಟರನ್ನ ಕೇಳಿ ಬರ್ತೀನಿ," ಎಂದರು.

ಶಿರಹಟ್ಟಿಯಲ್ಲಿ ಆ ದಿನ ನಡೆದದ್ದನ್ನು ನನಗೆ ಎದುರುಮನೆಯವಳು ಆಮೇಲೆ ಹೇಳಿದಳು. ಮಾವನವರು ಮನೆಗೆ ಬಂದೊಡನೆ ಅತ್ತೆ, "ಏನಂತ್ರಿ? ಎಲ್ಲಿಂದ ಬಂತಂತ?" ಎಂದು ಕೇಳಿದರು. ಮಾವನವರು ಟೊಪ್ಪಿಗೆ ಗೂಟಕ್ಕೆ ಹಾಕಿ, "ಗಾಳಿಯಿಂದ ಬರತೈತಂತ," ಎಂದರು.

ಅತ್ತೆ ಗಾಳಿಯನ್ನು ಗಂಭೀರವಾಗಿ ತೆಗೆದುಕೊಂಡರು. ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿದರು. ಬೆಳಕಿಂಡಿಗೆ ಗೋಣಿತಟ್ಟು ತುರುಕಿದರು. ಬೇಸಿಗೆಯ ನಡುವಿನಲ್ಲಿ, ಕಿಟಕಿ ಮುಚ್ಚಿದ ಮನೆಯಲ್ಲಿ ಮಾವನವರು ಬೆವರುತ್ತ ಕೂತಿದ್ದರಂತೆ. ತಮ್ಮ ಸುಳ್ಳಿನ ಬಿಸಿ ಅವರಿಗೇ ತಟ್ಟಿತ್ತು, ಆದರೆ ಬದಲಿಸಲು ಬಾಯಿ ಬರಲಿಲ್ಲ.

ಒಂದೆರಡು ದಿನ ಬಿಟ್ಟು ಅತ್ತೆ ನನ್ನನ್ನು ನೋಡಲು ಗದಗಕ್ಕೆ ಬಂದರು. ಜ್ವರ ಇಳಿದಿತ್ತು. ಕಣ್ಣು ತೆರೆದಿತ್ತು. ಗುಳ್ಳೆಗಳು ಕಪ್ಪಾಗಿ ಒಣಗಲು ಶುರುವಾಗಿದ್ದವು. ತುರಿಕೆ ಮರಳಿ ಬಂದಿತ್ತು. ಅದು ಬಂದಾಗ ನನಗೆ ಹಳೆಯ ಬಾಡಿಗೆದಾರ ಮರಳಿ ಬಂದಂತೆ ಸಮಾಧಾನವಾಯಿತು. ಡಾಕ್ಟರು ನೋಡಲು ಬಂದ ಹೊತ್ತಿಗೆ ಅತ್ತೆ ಅವರನ್ನೇ ಹಿಡಿದು ಕೇಳಿದರು.

"ಗಾಳಿ ಎಷ್ಟ ದಿನಾ ಇರತೈತ್ರಿ, ಡಾಕ್ಟರ? ಕಿಡಕಿ ಯಾವಾಗ ತಗೀಲಿ?"

"ಯಾವ ಗಾಳಿರಿ?"

ಆಮೇಲೆ ಡಾಕ್ಟರು ಅವರಿಗೂ ಹೇಳಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಅತ್ತೆ ಎಲ್ಲವನ್ನೂ ಕೇಳಿದರು. ಮುಂದೆ ಮತ್ತೆ ಬರುತ್ತದೆಯೇ ಎಂದು ಕೇಳಿದರು. ಬರಬಹುದು, ಬಂದರೆ ಮೊದಲ ದಿನವೇ ಕರೆತರಬೇಕು, ಮಗನ ತುಟಿಗೆ ಗುಳ್ಳೆ ಎದ್ದಾಗ ಟಾವೆಲು, ಲೋಟ ಬೇರೆ ಇಡಬೇಕು, ಗುಳ್ಳೆ ಮುಟ್ಟಿದ ಕೈ ತೊಳೆಯಬೇಕು, ಅದು ಪೂರಾ ಒಣಗುವವರೆಗೆ ದೂರವಿರಬೇಕು ಎಂದರು ಡಾಕ್ಟರು. ಇಸಬಿನ ಮುಲಾಮನ್ನು ಚರ್ಮ ಚೆನ್ನಾಗಿದ್ದಾಗಲೂ ಬಿಡಬಾರದು, ಗೋಡೆ ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂದರು.

ಡಾಕ್ಟರು ಹೋದ ಮೇಲೆ ಅತ್ತೆ ನನ್ನ ಕಾಲ ಮೇಲಿನ ಹೊದಿಕೆ ಸರಿಮಾಡಿದರು.

"ನಿಮ್ಮ ಮಾವಗ ಸುಳ್ಳ ಹೇಳಾಕ ಬರಂಗಿಲ್ಲ," ಎಂದರು. "ಹೇಳೋದ ಇತ್ತಂದ್ರ ನೀರು ಅನ್ನಬೇಕಿತ್ತು. ನೀರ ಕಾಸಿ ಕುಡೀತಿದ್ವಿ."

ಊರಿಗೆ ಹೋದವರು ಯಾರಿಗೂ ಏನೂ ಹೇಳದೆ ಕಿಟಕಿಗಳನ್ನು ತೆರೆದರಂತೆ. ಮಾವನವರೂ ಯಾಕೆ ಎಂದು ಕೇಳಲಿಲ್ಲವಂತೆ. ಆ ದಿನ ಸಾರಿಗೆ ಒಗ್ಗರಣೆ ಬಿತ್ತು.

ನಾನು ಮನೆಗೆ ಬಂದೆ. ಗದ್ದದ ಕೆಳಗೆ ನಾಲ್ಕಾರು ಸಣ್ಣ ಕುಳಿಗಳು ಉಳಿದವು, ಅವು ಇವತ್ತಿಗೂ ಇವೆ. ಹತ್ತಿರ ಬಂದು ನೋಡುವವರಿಗೆ ಮಾತ್ರ ಕಾಣುತ್ತವೆ. ಗಂಡ ಆರು ತಿಂಗಳು ತಂದೆಯ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಅಂಗಡಿಯಲ್ಲಿ ಇಬ್ಬರೂ ಗಲ್ಲಾಪೆಟ್ಟಿಗೆಯ ಎರಡು ಬದಿಗೆ ಕೂತು, ಕೊಡಗಳನ್ನು ನೋಡುತ್ತ ಮಾತಾಡಿಕೊಳ್ಳುತ್ತಿದ್ದರು.

ದೀಪಾವಳಿಯ ಹೊತ್ತಿಗೆ ಗಂಡನ ತುಟಿಗೆ ಮತ್ತೆ ಗುಳ್ಳೆ ಎದ್ದಿತು. ಈ ಸಲ ಅವರು ಬೆಳಿಗ್ಗೆ ಕನ್ನಡಿ ನೋಡಿದ ತಕ್ಷಣ ತಮ್ಮ ಹಾಸಿಗೆ, ಟಾವೆಲು, ಲೋಟ ತೆಗೆದುಕೊಂಡು ತಾವಾಗಿಯೇ ಅಂಗಡಿಗೆ ಹೋದರು. ಹಬ್ಬದ ದಿನ ಗಂಡ ಅಂಗಡಿಯಲ್ಲಿ ಮಲಗಿದ್ದು ಓಣಿಗೆಲ್ಲ ಗೊತ್ತಾಯಿತು. ಎದುರುಮನೆಯವಳು ಅತ್ತೆಯನ್ನು ಮೆಲ್ಲಗೆ ಕೇಳಿದಳು.

"ಮಗಾ ಸೊಸಿ ಜಗಳಾಡ್ಯಾರೇನ್ರಿ?"

"ಇಲ್ಲ. ತುಟಿ," ಎಂದರು ಅತ್ತೆ.

ಎದುರುಮನೆಯವಳು ತಲೆಯಾಡಿಸಿದಳು. ಅಲ್ಲಿಂದ ಮುಂದೆ ನಮ್ಮ ಓಣಿಯಲ್ಲಿ ನನ್ನ ಗಂಡ ಎಲ್ಲಿ ಮಲಗಿದ್ದಾರೆ ಎಂಬುದರ ಮೇಲೆ ಅವರ ತುಟಿಯ ಆರೋಗ್ಯವನ್ನು, ನಮ್ಮಿಬ್ಬರ ಸಂಸಾರದ ಸಮಾಚಾರವನ್ನು ಎಲ್ಲರೂ ತಿಳಿದುಕೊಳ್ಳುತ್ತಾರೆ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಅಭ್ಯಾಸವಾಗಿದೆ. ನನಗೂ ಇನ್ನೊಮ್ಮೆ, ಕುತ್ತಿಗೆಯ ಒಂದು ಮಗ್ಗುಲಿಗೆ ಮಾತ್ರ, ಹತ್ತಾರು ಗುಳ್ಳೆ ಬಂದಿದ್ದವು. ಅದೇ ದಿನ ಗದಗಕ್ಕೆ ಹೋದೆ. ಗುಳಿಗೆಯಲ್ಲೇ ಹೋಯಿತು.

ಮಗಳು ಹುಟ್ಟಿದ್ದು ಮುಂಡರಗಿಯಲ್ಲಿ, ತವರುಮನೆಯಲ್ಲಿ. ತಿಂಗಳು ತುಂಬುವ ಮೊದಲೇ ಅವಳ ಕೆನ್ನೆ ಎರಡೂ ಕೆಂಪಾಗಿ ಒರಟಾದವು. ಅವ್ವ ಅದನ್ನು ನೋಡಿ, ನನ್ನನ್ನು ನೋಡಿದಳು. ಗದಗಿನ ಡಾಕ್ಟರು ಫೋನಿನಲ್ಲಿ ಚಿತ್ರ ನೋಡಿ, ಹೌದು, ಅದೇ ಎಂದರು. ಎಣ್ಣೆ ಮುಲಾಮು ಹೇಳಿಕೊಟ್ಟರು. ತುಟಿಗೆ ಗುಳ್ಳೆ ಇದ್ದವರು ಯಾರೂ ಕೂಸಿನ ಹತ್ತಿರ ಮುಖ ತರಬಾರದು ಎಂದು ಎರಡು ಸಲ ಹೇಳಿದರು.

ತೊಟ್ಟಿಲು ಹಾಕುವ ಕಾರ್ಯ ಅಲ್ಲೇ ಆಯಿತು. ಶಿರಹಟ್ಟಿಯಿಂದ ನಮ್ಮವರೆಲ್ಲ ಬಂದರು. ಬೆಟಗೇರಿಯಿಂದ ಮಾವನವರ ಅಕ್ಕ ಬಂದರು. ಈ ಅಕ್ಕನಿಗೆ ಎದುರು ಮಾತಾಡುವವರು ಆ ಮನೆತನದಲ್ಲಿ ಇರಲಿಲ್ಲ. ಮಾವನವರ ಮದುವೆ, ಅಂಗಡಿ, ಮನೆಯ ಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದು, ಎಲ್ಲ ಅವರೇ ನಿಶ್ಚಯಿಸಿದ್ದು. ಕೂಸುಗಳನ್ನು ಕಂಡರೆ ಅವರಿಗೆ ಬಹಳ ಪ್ರೀತಿ. ಎತ್ತಿಕೊಂಡರೆ ಕೆನ್ನೆ, ಹಣೆ, ಮೂಗು ಏನನ್ನೂ ಬಿಡುತ್ತಿರಲಿಲ್ಲ. ಆವತ್ತು ಅವರ ಮೇಲ್ತುಟಿಯಲ್ಲಿ, ಮೂಗಿನ ಹತ್ತಿರ, ಗುಳ್ಳೆಗಳ ಒಂದು ಸಣ್ಣ ಗೊಂಚಲು ಇತ್ತು.

ನನ್ನ ಗಂಡ ಅದನ್ನು ನೋಡಿ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಅತ್ತೆ ಜೀವಮಾನದಲ್ಲಿ ಯಾರಿಗೂ ಹೆದರಿದವರಲ್ಲ, ಗಂಡನ ಈ ಅಕ್ಕನೊಬ್ಬರನ್ನು ಬಿಟ್ಟು. ಅಕ್ಕ ಕೈಚಾಚಿ ತೊಟ್ಟಿಲ ಕಡೆ ಬಂದರು. ನಾನು ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡೆ. ಪಡಸಾಲೆಯ ತುಂಬ ಹೆಂಗಸರು.

ಬಾಗಿಲ ಹೊರಗೆ ಗಂಡಸರ ಜೊತೆ ಕೂತಿದ್ದ ಮಾವನವರು ಎದ್ದು ಒಳಗೆ ಬಂದರು. ಹೆಂಗಸರು ಸೆರಗು ಸರಿಮಾಡಿಕೊಂಡರು.

"ಅಕ್ಕಾ, ಕೂಸಿಗೆ ಮುದ್ದ ಕೊಡಬ್ಯಾಡ," ಎಂದರು. "ನಿನ್ನ ತುಟಿಗೆ ಗುಳ್ಳಿ ಐತಿ."

"ಇದ್ರ ಏನಾತು? ಉಷ್ಣದ್ದು," ಎಂದರು ಅಕ್ಕ.

"ಉಷ್ಣದ್ದಲ್ಲ. ಕೂಸಿನ ಕೆನ್ನಿ ನೋಡು. ಇಸಬು ಇದ್ದವರಿಗೆ ಅದು ಮೈತುಂಬ ಹರಡತೈತಿ. ಕೂಸಿಗಂತೂ ಜೀವಕ್ಕ ಬರತೈತಿ."

"ನಿನಗ್ಯಾರ ಹೇಳಿದ್ರು?"

ಮಾವನವರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಮ್ಮ ಸೊಸಿಗೆ ಹಂಗ ಆಗಿತ್ತಲ್ಲ, ಎರಡ ವರ್ಷದ ಹಿಂದ. ಕಣ್ಣ ಹೋಗೋದು ಉಳೀತು. ಅದು ಗಾಳಿಯಿಂದ ಬಂದದ್ದಲ್ಲ. ನನ್ನ ಮಗನ ತುಟಿಯಿಂದ ಬಂದದ್ದು."

ನನ್ನ ಗಂಡ ಅಡುಗೆಯವರ ಸಿಲಿಂಡರು ಮುಗಿದಿದೆಯೇ ನೋಡಿ ಬರಲು ಹಿತ್ತಿಲಿಗೆ ಹೋದರು. ಅವರು ಹೋಗುವಾಗ ದಾರಿಯಲ್ಲಿ ಕೂತಿದ್ದವರೆಲ್ಲ ಕಾಲು ಮಡಚಿ ಜಾಗ ಬಿಟ್ಟರು. ನಾನು ಕೂಸಿನ ಕುಲಾಯಿ ಬಿಚ್ಚಿ ಮತ್ತೆ ಕಟ್ಟಿದೆ. ನಮ್ಮಪ್ಪ ಹೊರಗಿನಿಂದ, "ಖರೆ ಐತ್ರಿ, ಅವರು ಹೇಳೋದು," ಎಂದು ಯಾರೂ ಕೇಳದಿದ್ದರೂ ಸಾಕ್ಷಿ ಹೇಳಿದರು.

ಅಕ್ಕ ತಮ್ಮನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಅಂದ್ರ ನಿನ್ನ ಮಗಾ ನಿನ್ನಂಗ ಅಲ್ಲ ಬಿಡು," ಎಂದರು.

ಮೊದಲು ನಕ್ಕಿದ್ದು ಅತ್ತೆ. ಅವರು ನಕ್ಕ ಮೇಲೆ ಉಳಿದವರಿಗೆ ಪರವಾನಗಿ ಸಿಕ್ಕಂತಾಯಿತು. ಮಾವನವರು ಟೊಪ್ಪಿಗೆ ಹಾಕಿಕೊಂಡು ಹೊರಗೆ ಹೋಗಲು ತಿರುಗಿದರು. ಅಕ್ಕ ಅವರ ತೋಳು ಹಿಡಿದು ನಿಲ್ಲಿಸಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ, ಆದರೆ ಅಷ್ಟು ದೂರದಿಂದ ಬಂದವರು ಕೂಸನ್ನು ಬಿಟ್ಟು ಕೂರುವುದು ಹೇಗೆಂದು ತಿಳಿಯದೆ ನಿಂತಿದ್ದರು.

"ಪಾದಾ ಹಿಡೀಬಹುದೇನಲೇ?"

"ಕೈ ತೊಳಕೊಂಡು ಹಿಡಿ," ಎಂದರು ಮಾವನವರು.

ಅಕ್ಕ ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡು ಬಂದರು. ನಾನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಅವರು ಎದುರಿಗೆ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಒಂದು ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡರು. ಕೂಸು ನಿದ್ದೆ ಹೋಯಿತು. ಊಟಕ್ಕೆ ಎಲೆ ಹಾಕಿದ್ದಾರೆ ಎಂದು ಕರೆಯಲು ಬಂದವರಿಗೆ ಅವರು, ನೀವು ಉಣ್ರಿ, ನಾನು ಎರಡನೇ ಪಂಕ್ತಿಗೆ ಕೂರ್ತೀನಿ ಎಂದು ಕೈಸನ್ನೆ ಮಾಡಿದರು.